ಆನೋಡ್ ಅಂದರೆ ಪ್ಲಸ್ ಅಲ್ಲ

ತುಕ್ಕನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಸಿಮ್ಯುಲೇಷನ್ ವರದಿಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಸಾಲು: ‘ಆನೋಡ್, ಅಂದರೆ ಪಾಸಿಟಿವ್ ಎಲೆಕ್ಟ್ರೋಡ್’. ಎಲೆಕ್ಟ್ರೋಡ್ ಅಂದರೆ ಕರೆಂಟು ದ್ರಾವಣದೊಳಗೆ ಬರುವ ಅಥವಾ ಹೊರಗೆ ಹೋಗುವ ತುದಿ. ಹೊರಗಿನಿಂದ ಬ್ಯಾಟರಿ ಹಚ್ಚಿ ದ್ರಾವಣಕ್ಕೆ ಕರೆಂಟು ಹಾಯಿಸುವ ಎಲೆಕ್ಟ್ರೋಲಿಸಿಸ್ ಪಾಠಕ್ಕೆ ಇದು ಸರಿ. ಉಪ್ಪುನೀರಲ್ಲಿ ತಾನಾಗಿಯೇ ತುಕ್ಕು ಹಿಡಿಯುವ ಲೋಹಕ್ಕೆ ಪೂರ್ತಿ ತಪ್ಪು.

ಈ ಹೆಸರಿಗೂ ಪ್ಲಸ್ಸಿಗೂ ಹುಟ್ಟಿನಿಂದಲೇ ನಂಟಿಲ್ಲ. 1834ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಬಳಕೆಗೆ ತಂದರು. ಹುಡುಕಿಕೊಟ್ಟವರು ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್. ಗ್ರೀಕಿನಲ್ಲಿ ‘ಆನೊಡೋಸ್’ ಏರುವ ದಾರಿ, ‘ಕಾಥೊಡೋಸ್’ ಇಳಿಯುವ ದಾರಿ. ಏರುವುದು ಇಳಿಯುವುದು ಸೂರ್ಯ! ಕರೆಂಟು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ ಅಂದುಕೊಂಡರೆ, ಅದು ದ್ರಾವಣದ ಒಳಗೆ ಬರುವ ಕಡೆ ಸೂರ್ಯ ಹುಟ್ಟುವ ದಿಕ್ಕು. ಅದೇ ಆನೋಡ್. ‘ಈಸ್ಟೋಡ್’, ‘ವೆಸ್ಟೋಡ್’ ಅನ್ನುವ ಹೆಸರುಗಳನ್ನೂ ಫ್ಯಾರಡೆ ಯೋಚಿಸಿದ್ದರು. ಇಲ್ಲೆಲ್ಲೂ ಪ್ಲಸ್ ಮೈನಸ್ ಇಲ್ಲ, ಅಲ್ವಾ? ಕರೆಂಟು ದ್ರಾವಣದೊಳಗೆ ಎಲ್ಲಿಂದ ಬರುತ್ತದೆ ಅನ್ನುವುದಷ್ಟೇ ಪ್ರಶ್ನೆ. ತುಕ್ಕಿನಲ್ಲಾದರೆ ಲೋಹ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುವ ಜಾಗ ಅದು.

ತುಕ್ಕಿನ ವಿಜ್ಞಾನಿ ಯೂಲಿಕ್ ಎವಾನ್ಸ್ ಅವರ ಹನಿ ಪ್ರಯೋಗ ನೋಡಿ. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು. ಅದರಲ್ಲಿ ಕಬ್ಬಿಣ ಕರಗಿದಲ್ಲಿ ನೀಲಿಯಾಗುವ ಪೊಟ್ಯಾಸಿಯಂ ಫೆರಿಸಯನೈಡ್ ಚೂರು, ಕ್ಷಾರವಾದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್ ಚೂರು. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಅಂಚಿನ ಸುತ್ತ ಗುಲಾಬಿ. ಅಂಚಿಗೆ ಗಾಳಿಯ ಆಕ್ಸಿಜನ್ ಜಾಸ್ತಿ ಸಿಗುತ್ತದೆ, ಅದು ಎಲೆಕ್ಟ್ರಾನ್ ತೆಗೆದುಕೊಂಡು ನೀರನ್ನು ಕ್ಷಾರವಾಗಿಸುತ್ತದೆ, ಅಲ್ಲಿ ಕ್ಯಾಥೋಡ್. ನಡುವೆ ಕಬ್ಬಿಣ ಕರಗುತ್ತಿದೆ, ಅಲ್ಲಿ ಆನೋಡ್. ಎರಡೂ ಒಂದೇ ತಗಡಿನಲ್ಲಿ. ಬ್ಯಾಟರಿ ಇಲ್ಲ, ವೈರೂ ಇಲ್ಲ. ಪ್ಲಸ್ ಎಲ್ಲಿ ಹುಡುಕುತ್ತೀರಿ?

ಆದರೂ ಸಾಫ್ಟ್‌ವೇರ್‌ನಲ್ಲಿ 3.5% ಉಪ್ಪಿನ ದ್ರಾವಣ ಹಾಕಿ, ಒಂದು ಅಂಚಿಗೆ ‘ಆನೋಡ್’ ಅಂತ ಹೆಸರಿಟ್ಟು, ಸುಮ್ನೆ ಪ್ಲಸ್ ವೋಲ್ಟೇಜ್ ಕೊಡುತ್ತಾರೆ. ಆಗ ಬರುವುದು ಎಲೆಕ್ಟ್ರೋಲಿಸಿಸ್‌ನ ಲೆಕ್ಕ, ತುಕ್ಕಿನದ್ದಲ್ಲ. ಕಬ್ಬಿಣ ಕರಗುವುದು, ಆಕ್ಸಿಜನ್ ಎಲೆಕ್ಟ್ರಾನ್ ತೆಗೆದುಕೊಳ್ಳುವುದು, ಈ ಎರಡೂ ಕ್ರಿಯೆಗಳನ್ನು ಇಡೀ ಮೇಲ್ಮೈಗೆ ಕೊಡಬೇಕು. ಎರಡರ ಕರೆಂಟು ಒಟ್ಟಾರೆ ಸಮನಾಗುವ ವೋಲ್ಟೇಜನ್ನು ಲೆಕ್ಕವೇ ಹುಡುಕಿಕೊಳ್ಳಲಿ. ಆನೋಡ್ ಎಲ್ಲಿ ಅನ್ನುವುದು ಉತ್ತರದಲ್ಲಿ ಬರಬೇಕಾದದ್ದು.

ಸತುವನ್ನು ಕಬ್ಬಿಣಕ್ಕೆ ಜೋಡಿಸಿದಾಗಲೂ ಅಷ್ಟೇ. ಸತುವಿನ ಸ್ಟ್ಯಾಂಡರ್ಡ್ ವೋಲ್ಟೇಜ್ -0.76 ವೋಲ್ಟ್, ಕಬ್ಬಿಣದ್ದು -0.44; ಮೈನಸ್ ಹೆಚ್ಚಿದ್ದ ಲೋಹ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಉಪ್ಪುನೀರಲ್ಲಿ ಕರಗುವ ಆನೋಡ್ ಸತುವೇ, ಮೈನಸ್ ಕಡೆಯೂ ಅದೇ. ಗ್ರಾಫಿನಲ್ಲಿ ಅದರ ಕರೆಂಟಿನ ಮುಂದೆ ಸಾಮಾನ್ಯವಾಗಿ ಪ್ಲಸ್ ಗುರುತು ಕಾಣುತ್ತದೆ. ಅದು ಕರೆಂಟಿನ ದಿಕ್ಕಿಗೆ ಕೊಟ್ಟ ಗುರುತು, ಎಲೆಕ್ಟ್ರೋಡಿನದ್ದಲ್ಲ.