ಮೂತ್ರದಲ್ಲಿ ಸಿಗುವ ಮೃದ್ವಸ್ಥಿಯ ಚೂರು

ಮೊಣಕಾಲಿನ ಕೀಲು ಎಷ್ಟು ಸವೆದಿದೆಯೆಂದು ನೋಡಲು ವೈದ್ಯರು ಸಾಮಾನ್ಯವಾಗಿ ಎಕ್ಸ್-ರೇ ತೆಗೆಸುತ್ತಾರೆ. ಆದರೆ ಅದರಲ್ಲಿ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆತುದಿಗಳನ್ನು ಹೊದಿಸಿರುವ ನುಣುಪಾದ ಪದರ, ನೇರವಾಗಿ ಕಾಣುವುದಿಲ್ಲ. ಮೂಳೆಗಳ ನಡುವಿನ ಅಂತರ ಕಿರಿದಾಗಿರುವುದನ್ನು ಕಂಡು ಅದು ತೆಳುವಾಗಿದೆಯೆಂದು ಊಹಿಸಬೇಕು. ಆ ಅಂತರ ಬಹಳ ನಿಧಾನವಾಗಿ ಕುಗ್ಗುತ್ತದೆ. ಮೃದ್ವಸ್ಥಿಯಲ್ಲಿ ನರಗಳಿಲ್ಲದ ಕಾರಣ ಸವೆತದ ಆರಂಭದಲ್ಲಿ ನೋವೂ ಎಚ್ಚರಿಸುವುದಿಲ್ಲ. ಈ ಮೌನದ ಅವಧಿಯಲ್ಲಿ ನಡೆಯುವ ಹಾನಿಯನ್ನು ಅಳೆಯಲೆಂದೇ ಸಿಟಿಎಕ್ಸ್-2 ಎಂಬ ಜೈವಿಕ ಸೂಚಕದ ಕಿಟ್‌ಗಳು ಬಂದಿವೆ.

ನೀರನ್ನು ಬಿಟ್ಟರೆ ಮೃದ್ವಸ್ಥಿಯ ತೂಕದ ಅರ್ಧದಷ್ಟು ಎರಡನೆಯ ಬಗೆಯ ಕೊಲಾಜನ್. ಒಂದೇ ತೆರನಾದ ಮೂರು ಸರಪಳಿಗಳು ಹೆಣೆದುಕೊಂಡ ಈ ಪ್ರೋಟೀನು ಎಷ್ಟು ಬಾಳಿಕೆಯದೆಂದರೆ, ವಯಸ್ಕರ ಮೃದ್ವಸ್ಥಿಯಲ್ಲಿ ಅದರ ಅರ್ಧಾಯುಷ್ಯವನ್ನು (ಅರ್ಧದಷ್ಟು ಕಳೆಯಲು ಬೇಕಾದ ಕಾಲವನ್ನು) ನೂರು ವರ್ಷಕ್ಕೂ ಹೆಚ್ಚೆಂದು ಅಂದಾಜಿಸಲಾಗಿದೆ. ಅದು ಒಡೆಯುವುದೇ ಅಪರೂಪವಾದ್ದರಿಂದ ಅದರ ಚೂರುಗಳಿಗೆ ಅರ್ಥವಿದೆ. ಕೀಲುಸವೆತದಲ್ಲಿ ಕೆಲವು ಕಿಣ್ವಗಳು ಕೊಲಾಜನನ್ನು ಕತ್ತರಿಸಿದಾಗ ಸಿಟಿಎಕ್ಸ್-2 ಎಂಬ ಬಾಲದ ತುಣುಕುಗಳು ರಕ್ತಕ್ಕೆ ಸೇರಿ, ಮೂತ್ರದಲ್ಲಿ ಹೊರಬೀಳುತ್ತವೆ.

ಈ ತುಣುಕಿನ ಗುರುತು ಕೇವಲ ಆರು ಅಮೈನೋ ಆಮ್ಲಗಳು: ಗ್ಲುಟಾಮಿಕ್ ಆಮ್ಲ, ಲೈಸಿನ್, ಗ್ಲೈಸಿನ್, ಪ್ರೋಲಿನ್, ಆಸ್ಪಾರ್ಟಿಕ್ ಆಮ್ಲ, ಮತ್ತೆ ಪ್ರೋಲಿನ್. ಕಿಟ್‌ನಲ್ಲಿರುವ ಪ್ರತಿಕಾಯವು (ನಿರ್ದಿಷ್ಟ ಗುರುತಿಗಷ್ಟೇ ಅಂಟುವ ಪ್ರೋಟೀನು) ಕೊನೆಯ ಪ್ರೋಲಿನ್‌ನಲ್ಲೇ ಸರಪಳಿ ಮುಗಿದಿರಬೇಕೆಂದು ಬಯಸುತ್ತದೆ. ಅದರಾಚೆಗೆ ಇನ್ನೊಂದು ಅಮೈನೋ ಆಮ್ಲ ಉಳಿದಿದ್ದರೂ ಹಿಡಿಯುವುದಿಲ್ಲ. ಹೀಗಾಗಿ ಅದು ಕತ್ತರಿಸದ ಕೊಲಾಜನನ್ನು ಬಿಟ್ಟು, ಕಡಿದ ತುದಿಯನ್ನಷ್ಟೇ ಗುರುತಿಸುತ್ತದೆ. ಈ ವಿಧಾನದ ನಿಜವಾದ ಜಾಣ್ಮೆ ಇಲ್ಲಿದೆಯೆಂದು ನನಗನ್ನಿಸುತ್ತದೆ.

ಉಳಿದದ್ದು 1971ರಲ್ಲಿ ಸ್ವೀಡನ್ನಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದ ಎಲಿಸಾ ವಿಧಾನದ, ಅಂದರೆ ಪ್ರತಿಕಾಯ ಮತ್ತು ಕಿಣ್ವದ ನೆರವಿನಿಂದ ಒಂದು ವಸ್ತುವನ್ನು ಅಳೆಯುವ ವಿಧಾನದ, ಒಂದು ರೂಪ. 96 ಗುಳಿಗಳ ತಟ್ಟೆಯ ತಳದಲ್ಲಿ ಅದೇ ಆರು ಅಮೈನೋ ಆಮ್ಲಗಳ ಕೃತಕ ತುಣುಕನ್ನು ಅಂಟಿಸಿರುತ್ತಾರೆ. ಮೂತ್ರದ ಮಾದರಿಯನ್ನೂ ಪ್ರತಿಕಾಯವನ್ನೂ ಹಾಕಿದಾಗ, ತಳದ ತುಣುಕು ಮತ್ತು ಮೂತ್ರದಲ್ಲಿರುವ ತುಣುಕು ಸೀಮಿತ ಪ್ರತಿಕಾಯಕ್ಕಾಗಿ ಸ್ಪರ್ಧಿಸುತ್ತವೆ. ಮೂತ್ರದೊಡನೆ ಹೋದದ್ದನ್ನು ತೊಳೆದು ಚೆಲ್ಲಿ, ತಳದಲ್ಲಿ ಉಳಿದ ಪ್ರತಿಕಾಯಕ್ಕೆ ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯವನ್ನು ಕೂಡಿಸಿ ಬಣ್ಣ ಬರಿಸುತ್ತಾರೆ. ಮೊದಲು ನೀಲಿಯಾಗಿದ್ದ ದ್ರಾವಣ ಆಮ್ಲ ಹಾಕಿದೊಡನೆ ಹಳದಿಯಾಗುತ್ತದೆ. 450 ನ್ಯಾನೋಮೀಟರಿನಲ್ಲಿ ಅದರ ಗಾಢತೆಯನ್ನು ಓದುತ್ತಾರೆ. ಬಣ್ಣ ತೆಳುವಾದಷ್ಟೂ ಮೂತ್ರದಲ್ಲಿ ಚೂರುಗಳು ಹೆಚ್ಚು.

ಬಂದ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ. ಹೆಚ್ಚು ನೀರು ಕುಡಿದರೆ ಮೂತ್ರ ತೆಳುವಾಗುವುದರಿಂದ ಆ ಅಂಕಿಯನ್ನು ಮೂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮನಾಗಿ ಹೊರಬೀಳುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದಿಂದ ಭಾಗಿಸುತ್ತಾರೆ. ಬೆಳಗಿನ ಮಟ್ಟಕ್ಕೂ ಸಂಜೆಯದಕ್ಕೂ ವ್ಯತ್ಯಾಸವಿರುವುದರಿಂದ ಎಲ್ಲರ ಮಾದರಿಯನ್ನೂ ಒಂದೇ ಹೊತ್ತಿನಲ್ಲಿ ಪಡೆಯುವುದು ಒಳ್ಳೆಯದು. ಬೆಳೆಯುವ ಮಕ್ಕಳಲ್ಲಿ ಕೀಲು ಆರೋಗ್ಯವಾಗಿದ್ದರೂ ಮಟ್ಟ ಏರಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಚೂರು ಯಾವ ಕೀಲಿನಿಂದ ಬಂತೆಂದು ಮೂತ್ರ ಹೇಳಲಾರದು; ಬೆನ್ನುಮೂಳೆ, ಬೆರಳು, ಸೊಂಟ ಎಲ್ಲವೂ ಅದಕ್ಕೆ ಪಾಲು ಸೇರಿಸಬಲ್ಲವು.

ಅಮೆರಿಕದಲ್ಲಿ ಮೊಣಕಾಲಿನ ಕೀಲುಸವೆತವಿದ್ದ 600 ಜನರ ಮೇಲೆ ನಡೆದ ಅಧ್ಯಯನದಲ್ಲಿ, ರೋಗದ ಮುಂದುವರಿಕೆಗೂ ಮೂತ್ರದ ಸಿಟಿಎಕ್ಸ್-2 ಮಟ್ಟಕ್ಕೂ ನಂಟಿರುವುದು ಕಂಡುಬಂತು. ಆದರೆ ಅದು ಗುಂಪಿನ ಮಟ್ಟದ ನಂಟು. ಹೊಸ ಔಷಧ ಕೆಲಸ ಮಾಡುತ್ತಿದೆಯೇ ಎಂದು ನೂರಾರು ಜನರಲ್ಲಿ ಪರೀಕ್ಷಿಸುವಾಗ ಅದಕ್ಕೆ ಬೆಲೆಯುಂಟು. ಒಬ್ಬ ರೋಗಿಯ ಒಂದು ವರದಿಯನ್ನು ಹಿಡಿದು ಮೊಣಕಾಲಿನ ಭವಿಷ್ಯ ಹೇಳುವುದು ತಪ್ಪಾಗುತ್ತದೆ. ಇಂಥ ಅನೇಕ ಕಿಟ್‌ಗಳ ಮೇಲೆ ‘ಸಂಶೋಧನೆಯ ಬಳಕೆಗೆ ಮಾತ್ರ’ ಎಂಬ ಸೂಚನೆಯೂ ಇರುತ್ತದೆ.