ಎಂಆರ್‌ಐ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸುವವರಿಗೆ

ಮುಂಬಯಿಯ ಡೊಂಬಿವಲಿ, ಮಾಟುಂಗಾ ಕಡೆಯಿಂದ ಬರುವ ನಮ್ಮವರ ಕೈಯಲ್ಲಿ ಈಚೆಗೆ ದೊಡ್ಡದೊಂದು ಲಕೋಟೆ ಇರುತ್ತದೆ. ಮೆದುಳಿನ ಎಂಆರ್‌ಐ. ನಾನು ಬರೆದುಕೊಟ್ಟದ್ದಲ್ಲ. "ಎಲ್ಲ ನಾರ್ಮಲ್ ಅಂತೆ ಡಾಕ್ಟ್ರೇ. ಮತ್ತೆ ಇವನಿಗಿರುವುದು ಸೊಕ್ಕಲ್ಲದೆ ಇನ್ನೇನು?" ಎನ್ನುತ್ತಾರೆ ಸೋದರಮಾವ. ಬ್ರೌನ್ ಶುಗರ್, ಅಂದರೆ ಕಚ್ಚಾ ಹೆರಾಯಿನ್ ಪುಡಿಯ ಚಟಕ್ಕೆ ಬಿದ್ದ ಹುಡುಗ ನೆಲ ನೋಡುತ್ತಾ ಕೂತಿರುತ್ತಾನೆ. ಅಕ್ಕನ ಮಗನಿಗಾಗಿ ಹೋಟೆಲಿನ ಗಲ್ಲಾ ಬಿಟ್ಟು ಬಂದ ಮನುಷ್ಯನ ಮೇಲೆ ರೇಗುವುದೂ ಕಷ್ಟ.

ರಿಪೋರ್ಟು ಸುಳ್ಳಲ್ಲ. ಗಡ್ಡೆ ಇದೆಯೇ, ರಕ್ತಸ್ರಾವವಾಗಿದೆಯೇ, ಲಕ್ವದ ಗುರುತಿದೆಯೇ ಎಂಬುದಕ್ಕೆ ಅದು ಉತ್ತರ. ಬ್ರೌನ್ ಶುಗರ್ ಮಾಡುವ ಕೆಲಸ ಹೆಚ್ಚಾಗಿ ಆ ಫಿಲ್ಮಿನಲ್ಲಿ ಕಾಣುವಂಥದ್ದಲ್ಲ. 2010ರಲ್ಲಿ, ಬ್ರೌನ್ ಶುಗರಿನದೇ ಜಾತಿಯ ನೋವಿನ ಗುಳಿಗೆಯ ಚಟಕ್ಕೆ ಬಿದ್ದ 10 ಮಂದಿಯ ಮೆದುಳನ್ನು ಆರೋಗ್ಯವಂತರದರೊಂದಿಗೆ ಹೋಲಿಸಿದಾಗ ಭಯ, ಆತಂಕಗಳನ್ನು ನೋಡಿಕೊಳ್ಳುವ ಅಮಿಗ್ಡಲಾ ಸರಾಸರಿಯಲ್ಲಿ ಕುಗ್ಗಿದ್ದು ಕಂಡಿತು. ಮರುವರ್ಷ, ಬೆನ್ನುನೋವಿಗೆ ತಿಂಗಳ ಕಾಲ ಅದೇ ಜಾತಿಯ ಮಾರ್ಫಿನ್ ಪಡೆದವರಲ್ಲೂ ಅಂಥದೇ ಬದಲಾವಣೆ. ಮದ್ದು ನಿಂತು ತಿಂಗಳುಗಳಾದರೂ ಅದು ಉಳಿದಿತ್ತು. ಸಣ್ಣ ಅಧ್ಯಯನಗಳು, ಅತಿಯಾಗಿ ನಂಬಬಾರದು. ನಾನು ಒತ್ತಿ ಹೇಳುವುದು 'ಸರಾಸರಿ' ಎಂಬುದನ್ನು. ಅದನ್ನು ಹಿಡಿದು ನಿಮ್ಮ ಹುಡುಗನೊಬ್ಬನ ಸ್ಕ್ಯಾನ್ ಓದುವುದೆಂದರೆ, ಮುಂಬಯಿಯ ಸರಾಸರಿ ಮಳೆ ನೋಡಿ ಇವತ್ತು ಕೊಡೆ ಬೇಕೋ ಬೇಡವೋ ಎಂದ ಹಾಗೆ.

ಇನ್ನು ಕೆಲವು ಬದಲಾವಣೆ ಸೂಕ್ಷ್ಮದರ್ಶಕಕ್ಕೇ ಸೈ. ಮಾರ್ಫಿನ್ ಕೊಟ್ಟ ಇಲಿಗಳ ನಡುಮೆದುಳಿನಲ್ಲಿ ಡೋಪಮೈನ್ ಎಂಬ, ಆಸೆ ಹುಟ್ಟಿಸುವ ರಾಸಾಯನಿಕ ಸ್ರವಿಸುವ ಕೋಶಗಳೇ ಗಾತ್ರದಲ್ಲಿ ಕುಗ್ಗುತ್ತವೆ. ಜೊತೆಗೆ, ನಶೆಯ ಸುತ್ತಮುತ್ತಲಿನದೆಲ್ಲ ನೆನಪಿನಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಬ್ಬ ಹುಡುಗ ಮಾವನ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದ. ಮೈಗಳ್ಳ ಎಂದು ಬೈಗುಳ. ಕೇಳಿದರೆ, ಚಪಾತಿ ಸುತ್ತುವ ಬೆಳ್ಳಿ ಹಾಳೆ! ಅಂಥದೇ ಹಾಳೆಯ ಮೇಲೆ ಪುಡಿ ಕಾಯಿಸಿ ಹೊಗೆ ಎಳೆದವನು ಅವನು. ರೋಲಿನಿಂದ ಹಾಳೆ ಹರಿಯುವ ಸದ್ದಿಗೇ ಅಂಗೈ ಬೆವರುತ್ತಿತ್ತು. ಅವನನ್ನು ದೋಸೆ ಕಾವಲಿಯ ಕಡೆಗೆ ಹಾಕಿದರು. ಬೈಗುಳ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ.

ನಾರ್ಮಲ್ ಎಂಬ ಕಾಗದ ಸಿಕ್ಕಿದ ಮೇಲೆ ಮನೆಯವರು ಮಾಡುವ ಮೊದಲ ಕೆಲಸ ಈ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ, ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಬಿಡಿಸುವುದು. "ಒಂದು ಚಟಕ್ಕೆ ಇನ್ನೊಂದು ಚಟ ಯಾಕೆ?" ಅಂತ. ಈ ಮಾತ್ರೆ ಮೆದುಳಿನಲ್ಲಿ ಬ್ರೌನ್ ಶುಗರ್ ಹೋಗಿ ಕೂರುವ ಜಾಗದಲ್ಲೇ ಕೂರುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ನಶೆ ಏರಿಸದೆ ಚಡಪಡಿಕೆ ತಗ್ಗಿಸುತ್ತದೆ. ಎಷ್ಟು ಕಾಲ ಬೇಕೆಂದು ಮೊದಲೇ ಹೇಳಲಾಗದು; ಕೆಲವರಿಗೆ ವರ್ಷಗಳೇ ಬೇಕು.

ನಿಲ್ಲಿಸಿ ಊರಿಗೆ ಕಳಿಸುತ್ತಾರೆ. ಎರಡು ತಿಂಗಳು ತೋಟ, ಗದ್ದೆ, ದೈವಕ್ಕೆ ಹರಕೆ. ಹುಡುಗ ಮೈಕೈ ತುಂಬಿಕೊಂಡು ಬರುತ್ತಾನೆ. ಅಷ್ಟರಲ್ಲಿ ಅಷ್ಟು ನಶೆ ತಡೆದುಕೊಳ್ಳುವ ಮೈಯ ಒಗ್ಗು ಹೋಗಿರುತ್ತದೆ, ಆಸೆ ಹೋಗಿರುವುದಿಲ್ಲ. ಹಳೆಯ ಗೆಳೆಯ ಸಿಕ್ಕಿ, ಹಳೆಯ ಅಳತೆಯನ್ನೇ ಎಳೆದರೆ ಉಸಿರಾಟ ನಡೆಸುವ ಮೆದುಳಿನ ಕಾಂಡ ಅದನ್ನು ತಡೆಯಲಾರದು. ಸಾವು ಹೆಚ್ಚಾಗುವುದು ಹೀಗೆ ಬಿಟ್ಟು ಮತ್ತೆ ಹಿಡಿದಾಗಲೇ. ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಮಲಗಿದ್ದಾನೆಂದು ಬಿಡಬೇಡಿ, 108ಕ್ಕೆ ಕರೆ ಮಾಡಿ.

ಊರಿಗೆ ಧಾರಾಳವಾಗಿ ಹೋಗಲಿ. ಆದರೆ ಇದು ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವ ಮಾತ್ರೆಯಲ್ಲ. ಅಲ್ಲಿ ಎಲ್ಲಿ ಕೊಡುತ್ತಾರೆ ಎಂದು ರೈಲಿನ ಟಿಕೆಟ್ ತೆಗೆಸುವ ಮೊದಲೇ ನಿಮ್ಮ ವೈದ್ಯರಲ್ಲಿ ವಿಚಾರಿಸಿ, ಚೀಟಿ ಬರೆಸಿಕೊಂಡು ಹೋಗಿ.