ಜಪಾನಿನ ಕರೋಕೆಯಲ್ಲಿ ಇಬ್ಬರೂ ಸೇರಿ ಹಾಡಲು ಯಾವ ಪ್ರೇಮಗೀತೆ ಕಲಿಯಲಿ?

ಪ್ರಶ್ನೆ: ಕೆಲಸದ ಮೇಲೆ ಕೆಲವು ತಿಂಗಳು ಜಪಾನಿನಲ್ಲಿ ಇರಬೇಕಾಗಿದೆ. ಅಲ್ಲಿ ಊಟ ಮುಗಿದ ಮೇಲೆ ಕಚೇರಿಯವರೆಲ್ಲ ಕರೋಕೆಗೆ ಹೋಗುತ್ತಾರಂತೆ, ಗಂಡು–ಹೆಣ್ಣು ಸೇರಿ ಹಾಡುವ ಪ್ರೇಮಗೀತೆ ಒಂದಾದರೂ ಬರಲೇಬೇಕಂತೆ. ನನಗೆ ಜಪಾನಿ ಅಲ್ಪಸ್ವಲ್ಪ ಬರುತ್ತದೆ. ಯಾವುದನ್ನು ಕಲಿಯಲಿ? ಸಹೋದ್ಯೋಗಿಯ ಜೊತೆ ಪ್ರೇಮಗೀತೆ ಹಾಡುವುದು ಮುಜುಗರವಲ್ಲವೇ?

ಉತ್ತರ: ಒಂದೇ ಹಾಡು ಕಲಿಯುವಷ್ಟು ಪುರುಸೊತ್ತಿದ್ದರೆ ‘ಗಿಂಜ ನೊ ಕೊಇ ನೊ ಮೊನೊಗತರಿ’ ಕಲಿಯಿರಿ. ಟೋಕಿಯೋದ ಗಿಂಜ ಬಡಾವಣೆಯಲ್ಲಿ ಭೇಟಿಯಾದ ಇಬ್ಬರು ಎಳೆಯರ ಪ್ರೇಮದ ಕಥೆ ಅದು. ಹಾಡಿದವರು ಅಂದಿನ ತಾರಾನಟ ಇಶಿಹಾರ ಯೂಜಿರೋ ಮತ್ತು ಮಕಿಮುರ ಜುಂಕೊ, ವರ್ಷ 1961. ಅಂದರೆ ಕರೋಕೆ ಯಂತ್ರಕ್ಕಿಂತ ಹಾಡೇ ಹಳೆಯದು. ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ಇನೋಉಎ ದೈಸುಕೆ ಕೋಬೆ ನಗರದಲ್ಲಿ ತಮ್ಮ ಯಂತ್ರವನ್ನು ಬಾಡಿಗೆಗೆ ಕೊಡಲು ಆರಂಭಿಸಿದ್ದು 1971ರಲ್ಲಿ. ಆ ಹೊತ್ತಿಗೆ ಈ ಹಾಡು ಜನರ ಬಾಯಲ್ಲಿ ಆಗಲೇ ನೆಲೆಯೂರಿತ್ತು.

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಅದರ ಕಟ್ಟೋಣ. ಅವಳದೊಂದು ಸಾಲು, ಅವನದೊಂದು ಸಾಲು, ಚರಣದ ಕೊನೆಗೆ ಇಬ್ಬರೂ ಒಟ್ಟಿಗೆ. ಲಯ ನಿಧಾನ, ಸ್ವರ ತೀರಾ ಮೇಲಕ್ಕೂ ಏರುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಜೊತೆಗಾರರ ಸಾಲು ನಡೆದಿರುತ್ತದೆ. ಎರಡು ಲೋಟ ಬಿಯರ್ ಕುಡಿದವರೂ ದಡ ಸೇರುವಂಥ ಹಾಡು. ಐವತ್ತು ದಾಟಿದ ಮ್ಯಾನೇಜರರು ಕೂತಿರುವ ಕೋಣೆಯಲ್ಲಿ ವಿದೇಶಿಯೊಬ್ಬರು ಇದನ್ನು ಎತ್ತಿಕೊಂಡರೆ ಉಳಿದ ತಪ್ಪುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಮುಜುಗರದ ಮಾತು. 1987ರ ‘ಲೋನ್ಲಿ ಚಾಪ್ಲಿನ್’ ಜಪಾನಿನ ಅತ್ಯಂತ ಪ್ರಸಿದ್ಧ ಪ್ರಣಯ ಯುಗಳಗೀತೆಗಳಲ್ಲಿ ಒಂದು. ‘ಸೋಲ್’ ಎಂಬ ಅಮೆರಿಕನ್ ಸಂಗೀತದ ಛಾಯೆಯಲ್ಲಿ ಎರಡು ದನಿಗಳು ಒಂದನ್ನೊಂದು ತಬ್ಬಿಕೊಂಡಂತೆ ಸಾಗುವ ಗೀತೆ. ಹಾಡಿದ ಸುಝುಕಿ ಕಿಯೊಮಿ ಮತ್ತು ಸುಝುಕಿ ಮಸಯುಕಿ ಒಡಹುಟ್ಟಿದ ಅಕ್ಕ–ತಮ್ಮ. ಕೇಳುವವರಿಗೆ ಇದು ಗೊತ್ತು, ಯಾರಿಗೂ ಅದರಿಂದ ತೊಂದರೆಯಿಲ್ಲ. ಜಪಾನಿನಲ್ಲಿ ಯುಗಳಗೀತೆ ಎಂದರೆ ವೇಷ. ಹಾಡು ಮುಗಿದು ಮೈಕ್ ಕೆಳಗಿಟ್ಟ ಕ್ಷಣ ವೇಷ ಕಳಚುತ್ತದೆ, ಮರುದಿನ ಕಚೇರಿಯಲ್ಲಿ ಅದರ ಮಾತು ಎತ್ತುವವರಿಲ್ಲ.

ಈ ಸ್ವಭಾವ ಬಂದದ್ದು ಹುಟ್ಟಿದ ಮನೆಯಿಂದ. ಕರೋಕೆ ಬೆಳೆದದ್ದು ‘ಸುನಕ್ಕು’ ಎಂಬ ಪುಟ್ಟ ಬಾರುಗಳಲ್ಲಿ. ಹತ್ತು ಜನ ಕೂತರೆ ತುಂಬಿಹೋಗುವ ಜಾಗ, ಕೌಂಟರಿನ ಆಚೆ ‘ಮಾಮಾ’, ಅಂದರೆ ಅಮ್ಮ, ಎಂದು ಕರೆಸಿಕೊಳ್ಳುವ ಒಡತಿ. ದಣಿದ ನೌಕರ ಹಾಡಬೇಕೆಂದರೆ ಅಲ್ಲಿ ಸಿಗುವ ಜೊತೆ ಅವಳದು, ಇಲ್ಲವೇ ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳದು. ಪರಿಚಯವೇ ಇಲ್ಲದ ಇಬ್ಬರು ಮೂರು ನಿಮಿಷದ ಮಟ್ಟಿಗೆ ಪ್ರೇಮಿಗಳಾಗಬೇಕು. ತಾಲೀಮು ಇಲ್ಲದೆ ಹಾಡುವಂತಿರಬೇಕು, ಕಥೆ ಒಂದೇ ಕೇಳಿಗೆ ತಿಳಿಯಬೇಕು. 1970ರ ದಶಕದ ಕೊನೆಯಿಂದ ಒಂದು ದಶಕದ ಕಾಲ ಇಂಥ ಹಾಡುಗಳು ಸಾಲುಗಟ್ಟಿ ಬಂದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಬಾಗಿಲು ಹಾಕಿಕೊಂಡು ತಮ್ಮವರ ಮುಂದಷ್ಟೇ ಹಾಡುವ ಬಾಡಿಗೆ ಕೋಣೆಗಳು, ಅಂದರೆ ಕರೋಕೆ ಬಾಕ್ಸ್‌ಗಳು, ಬಂದದ್ದು 1980ರ ದಶಕದ ನಡುವೆ.

ಹಾಗಾಗಿ ಹಾಡಿನೊಳಗಿನ ಇಬ್ಬರ ಸಂಬಂಧವೇನು ಎಂಬುದನ್ನು ನೋಡಿ ಆರಿಸುವುದು ಒಳ್ಳೆಯದು. ರಾಗವನ್ನು ಮೆಚ್ಚಿ ಆರಿಸಿದವರು ಆಮೇಲೆ ಪೇಚಿಗೆ ಸಿಕ್ಕುತ್ತಾರೆ. ಇತ್ಸುಕಿ ಹಿರೋಶಿ ಮತ್ತು ಕಿನೊಮಿ ನನ ಹಾಡಿದ ‘ಇಜಕಯ’ (1982) ಅಪರಿಚಿತರ ಹಾಡು. ಪಡಖಾನೆಯಲ್ಲಿ ಅವನು ಏನಾದರೂ ಕುಡಿಯುತ್ತೀರಾ ಎನ್ನುತ್ತಾನೆ, ಅವಳು ಬೂರ್ಬನ್ ವಿಸ್ಕಿ ಡಬಲ್ ಕೇಳುತ್ತಾಳೆ, ಹೆಸರು ಕೇಳುವಷ್ಟು ಅರಸಿಕತನ ಇಬ್ಬರಿಗೂ ಇಲ್ಲ. ಸಹೋದ್ಯೋಗಿಯ ಜೊತೆ ಹಾಡಲು ಇದರಷ್ಟು ಹಗುರವಾದದ್ದು ಸಿಗುವುದು ಕಷ್ಟ. ಯಾರೂ ಯಾರಿಗೂ ಮಾತು ಕೊಡುವುದಿಲ್ಲವಲ್ಲ! ‘ವಕರೆತೆಮೊ ಸುಕಿ ನ ಹಿತೊ’ ಬಿಟ್ಟುಹೋದ ಇಬ್ಬರು ಮಳೆಯ ಟೋಕಿಯೋದಲ್ಲಿ ಮತ್ತೆ ಎದುರಾಗುವ ಹಾಡು. ಲೋಸ್ ಇಂದಿಯೋಸ್ ತಂಡ ಗಾಯಕಿ ಸಿಲ್ವಿಯಾ ಜೊತೆ 1979ರಲ್ಲಿ ತಂದದ್ದು. ಸೊಗಸಾಗಿದೆ, ಆದರೆ ಮದುವೆಯ ಮನೆಯಲ್ಲಿ ಎತ್ತಬೇಡಿ. ಅಗಲುವುದು, ಮುಗಿಯುವುದು, ಕಡಿಯುವುದು ಎಂಬ ಅರ್ಥದ ಮಾತುಗಳನ್ನು ಜಪಾನಿಗರು ಮದುವೆಯಲ್ಲಿ ಅಪಶಕುನವೆಂದು ದೂರವಿಡುತ್ತಾರೆ, ಇದರ ಮೊದಲ ಪದವೇ ಅಗಲಿಕೆಯದು. ಮದುವೆಗೆ ಒಗ್ಗುವುದು 1994ರ ‘ಅಇ ಗ ಉಮರೆತ ಹಿ’, ‘ಪ್ರೀತಿ ಹುಟ್ಟಿದ ದಿನ’. ನಟಿ ಫುಜಿತನಿ ಮಿವಕೊ ಮತ್ತು ಓಉಚಿ ಯೊಶಿಅಕಿ ಹಾಡಿದ್ದು. ಬರೆದವರು ಮುಂದೆ ಎಕೆಬಿ48 ಎಂಬ ಹುಡುಗಿಯರ ಗಾಯನ ತಂಡವನ್ನು ಕಟ್ಟಿದ ಅಕಿಮೊತೊ ಯಸುಶಿ. ಇದಕ್ಕೆ ಮಾತ್ರ ಗಂಟಲು ಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ‘ಸನ್‌ನೆನ್‌ಮೆ ನೊ ಉವಕಿ’. 1982ರಲ್ಲಿ ಹಿರೋಶಿ ಮತ್ತು ಕೀಬೋ ಎಂಬ ಜೋಡಿ ಹಾಡಿತು. ಮೂರನೆಯ ವರ್ಷಕ್ಕೆ ಗಂಡಸು ಇನ್ನೊಂದು ಕಡೆ ಕಣ್ಣು ಹಾಯಿಸಿ ಸಿಕ್ಕಿಬಿದ್ದಿದ್ದಾನೆ. ಇಷ್ಟನ್ನು ಹೊಟ್ಟೆಗೆ ಹಾಕಿಕೊಳ್ಳಬಾರದೇ ಎಂದು ಅವನು, ತಪ್ಪು ಮಾಡಿ ಮೇಲೆ ಸೆಟೆದು ನಿಲ್ಲುವ ಈ ಧೋರಣೆಯೇ ನನಗಾಗದು ಎಂದು ಅವಳು. ನಮ್ಮ ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡಿನ ಪಕ್ಷ, ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿದು ಸವಾಲು ಹಾಕಿಕೊಳ್ಳುವ ಹಾಗೆಯೇ ಇದೂ. ದನಿ ಇಂಪಾಗಿರಬೇಕೆಂದಿಲ್ಲ, ಮುಖದಲ್ಲಿ ಜಗಳವಿದ್ದರೆ ಸಾಕು. ದಂಪತಿಗಳು ಹಾಡಿದರೆ ಕೋಣೆಯೆಲ್ಲ ಹೆಣ್ಣಿನ ಕಡೆಗೆ ವಾಲಿ ಚಪ್ಪಾಳೆ ತಟ್ಟುತ್ತದೆ. ಇದೇ ಜಾಡಿನ ‘ನನಿವ ಕೊಇ ಶಿಗುರೆ’ (1983) ಬಗ್ಗೆ ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡವೆನ್ನಿ. ಕಥೆ ಹೇಳುವ ರಕುಗೊ ಕಲಾವಿದ ಕತ್ಸುರ ಹರುದಂಜಿ ಮತ್ತು ಅವನ ಹೆಂಡತಿಯ ಕುರಿತ ಆ ಹಾಡಿನಲ್ಲಿ ಒಸಾಕಾ ಆಡುನುಡಿಯ ಸಂಭಾಷಣೆಗಳಿವೆ. ಅವನ್ನು ಹೇಳಲು ಟೋಕಿಯೋದವರೇ ತಡವರಿಸುತ್ತಾರೆ.

ಮೂವತ್ತರ ಕೆಳಗಿನವರೇ ಹೆಚ್ಚಿದ್ದರೆ ಮೇಲಿನ ಯಾವುದೂ ನಡೆಯದು. ಅವರಿಗೆ ದವೊಕೊ ಮತ್ತು ಯೊನೆಜು ಕೆನ್ಶಿ ಅವರ ‘ಉಚಿಅಗೆ ಹನಬಿ’ (2017) ಗೊತ್ತು, ಪಲ್ಲವಿಯಲ್ಲಿ ಎಲ್ಲರೂ ದನಿಗೂಡಿಸುತ್ತಾರೆ. ಆದರೆ ಚರಣಗಳಲ್ಲಿ ಪದಗಳು ಒತ್ತೊತ್ತಾಗಿವೆ, ಮನೆಯಲ್ಲೇ ಅಭ್ಯಾಸ ಮಾಡಿ ಹೋಗಬೇಕು. 2008ರ ‘ಸೊಬ ನಿ ಇರು ನೆ’ ಮಧುರ ಗೀತೆ, ಆದರೆ ಗಂಡಿನ ಭಾಗ ರ‍್ಯಾಪ್. ಭಾಷೆಯ ಮೇಲೆ ಹಿಡಿತವಿಲ್ಲದವರಿಗೆ ಅದು ಬೋನು. ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಚಿತ್ರಗಳ ಪ್ರಿಯರಿದ್ದರೆ 2020ರ ‘ಡ್ಯಾಡಿ! ಡ್ಯಾಡಿ! ಡೂ!’ ಇದೆ. ‘ಲೋನ್ಲಿ ಚಾಪ್ಲಿನ್’ ತಮ್ಮನೇ ಇಲ್ಲಿ ಸುಝುಕಿ ಐರಿ ಎಂಬ ಕಿರಿಯ ಗಾಯಕಿಯ ಜೊತೆ ಹಾಡಿದ್ದಾರೆ. ಕುಲನಾಮ ಒಂದೇ ಆದರೂ ಈ ಸಲ ನಂಟಿಲ್ಲ.

ಕಲಿಯುವಾಗ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲೇ ಬರೆದುಕೊಳ್ಳಿ. ಜಪಾನಿಯಲ್ಲಿ ಅ, ಇ, ಉ, ಎ, ಒ ಐದಕ್ಕೂ ಹ್ರಸ್ವ–ದೀರ್ಘಗಳಿವೆ, ನಮ್ಮ ಲಿಪಿಯಲ್ಲಿ ಐದಕ್ಕೂ ಜೋಡಿ ಅಕ್ಷರಗಳಿವೆ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ ನೆನಪಿದ್ದರೆ ಇನ್ನೂ ಅನುಕೂಲ. ‘ತೋಕ್ಯೋ’ ಎರಡು ಗುರು, ನಾಲ್ಕು ಮಾತ್ರೆ. ‘ಗಿಂಜ’ ಗುರು–ಲಘು, ಮೂರು ಮಾತ್ರೆ. ಜಪಾನಿ ಹಾಡು ಪದವನ್ನು ಸ್ವರಕ್ಕೆ ಕೂರಿಸುವುದು ಬಹುಮಟ್ಟಿಗೆ ಈ ಲೆಕ್ಕದಲ್ಲೇ. ಅರ್ಧಾಕ್ಷರದ ‘ನ್’ ಕೂಡ ತನ್ನದೊಂದು ಮಾತ್ರೆ ಕೇಳುತ್ತದೆ, ಅದನ್ನು ನುಂಗಿದರೆ ಸಾಲು ಮುಂಚೆಯೇ ಮುಗಿದು ಬಾಯಿ ಬಿಟ್ಟುಕೊಂಡು ನಿಲ್ಲಬೇಕಾಗುತ್ತದೆ. ಶ್ರುತಿಯನ್ನು ಯಂತ್ರದಲ್ಲಿ ಏರಿಸಿ ಇಳಿಸಬಹುದು, ಆದರೆ ಇಬ್ಬರದೂ ಒಟ್ಟಿಗೇ ಬದಲಾಗುತ್ತದೆ. ಆದ್ದರಿಂದ ಮೊದಲು ಜೊತೆಗಾರರನ್ನು ಕೇಳಿ, ಆಮೇಲೆ ಗುಂಡಿ ಒತ್ತಿ.

ಕೇಳುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಮೇಲಧಿಕಾರಿ ಕೈಕೆಳಗಿನ ಹೆಣ್ಣುಮಗಳನ್ನು ಎಬ್ಬಿಸಿ ಜೊತೆಗೆ ಹಾಡಿಸುವುದು ಅಲ್ಲಿ ಹಿಂದೆ ಮಾಮೂಲಾಗಿತ್ತು. ಈಗ ಜಪಾನಿನ ಸರ್ಕಾರಿ ನೌಕರರಿಗೆ ಸಿಬ್ಬಂದಿ ಪ್ರಾಧಿಕಾರ ಕೊಟ್ಟಿರುವ ಮಾರ್ಗಸೂಚಿಯಲ್ಲಿ, ಕರೋಕೆಯಲ್ಲಿ ಯುಗಳಗೀತೆ ಹಾಡುವಂತೆ ಒತ್ತಾಯಿಸುವುದು ಲೈಂಗಿಕ ಕಿರುಕುಳವಾಗಬಲ್ಲ ವರ್ತನೆಗಳ ಉದಾಹರಣೆಗಳಲ್ಲಿ ಹೆಸರಿಸಿಯೇ ಇದೆ. ನೀವು ಗಂಡಸಾಗಿದ್ದರೆ ಹೆಣ್ಣಿನ ಭಾಗಕ್ಕೆ ಗೆಳೆಯನನ್ನೇ ಎಳೆದುಕೊಳ್ಳಿ. ದಪ್ಪ ದನಿಯ ಗಂಡಸು ‘ಸನ್‌ನೆನ್‌ಮೆ ನೊ ಉವಕಿ’ಯ ಹೆಂಡತಿಯಾಗಿ ಬೈಯತೊಡಗಿದರೆ ಆ ರಾತ್ರಿ ಅದಕ್ಕಿಂತ ದೊಡ್ಡ ಚಪ್ಪಾಳೆ ಇನ್ಯಾವ ಹಾಡಿಗೂ ಬೀಳುವುದಿಲ್ಲ.